ಯಂತ್ರಕ್ಕೆ ವಿಮೆ ಇದೆ, ಕಲಿಯುವವರಿಗೆ?

ವಿಕಲಚೇತನರಿಗೆ ಕೈಕಸುಬು ಕಲಿಸಿ ಸ್ವಂತ ಕಾಲ ಮೇಲೆ ನಿಲ್ಲಿಸುವ ಕೆಲಸಕ್ಕೆ ಮುಂಬಯಿಯಲ್ಲಿ ದೊಡ್ಡ ಪರಂಪರೆಯೇ ಇದೆ. 1952ರಲ್ಲಿ ಈ ನಗರದಲ್ಲಿ ಸ್ಥಾಪನೆಯಾದ ನ್ಯಾಷನಲ್ ಅಸೋಸಿಯೇಶನ್ ಫಾರ್ ದ ಬ್ಲೈಂಡ್‌ನಂಥ ಸಂಸ್ಥೆಗಳು ತೋರಿದ ದಾರಿಯಲ್ಲೇ ನಮ್ಮ ಸಂಘವೂ ಉಪನಗರವೊಂದರಲ್ಲಿ ಪುಟ್ಟ ತರಬೇತಿ ಕೇಂದ್ರ ತೆರೆಯಿತು. ಹೊಲಿಗೆ ಮತ್ತು ಬುಕ್ ಬೈಂಡಿಂಗ್ ಅಲ್ಲಿನ ಕಲಿಕೆ. ನಾನು ಸಂಘದ ಕೋಶಾಧಿಕಾರಿ.

ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ, ಕಿವಿ ಕೇಳದ ಯುವಕನೊಬ್ಬನ ಬಲಗೈಯ ಎರಡು ಬೆರಳುಗಳು ಪೇಪರ್ ಕಟಿಂಗ್ ಮೆಷಿನ್‌ಗೆ ಸಿಕ್ಕಿದವು. ಆಸ್ಪತ್ರೆಯ ಖರ್ಚನ್ನು ಸದಸ್ಯರಿಂದ ಸಂಗ್ರಹಿಸಿ ಹೇಗೋ ತುಂಬಿದೆವು. ಆದರೆ ಸಮಿತಿಯ ಸಭೆಗೆ ಬಂದ ಅವನ ತಂದೆ ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. "ಮೆಷಿನ್‌ಗೆ ಇನ್ಶೂರೆನ್ಸ್ ಉಂಟಂತೆ. ನನ್ನ ಮಗನಿಗೆ ಯಾಕೆ ಇಲ್ಲ ಮಾರಾಯ್ರೆ?"

ಯಂತ್ರದ ಮೇಲೆ ಬ್ಯಾಂಕಿನ ಸಾಲವಿತ್ತು. ಸಾಲವಿದ್ದಲ್ಲಿ ಬ್ಯಾಂಕು ವಿಮೆ ಕೇಳುತ್ತದೆ. ಹಾಗಾಗಿ ಬೆಂಕಿ ಮತ್ತು ಕಳವಿನ ಪಾಲಿಸಿಯನ್ನು ವರ್ಷ ವರ್ಷವೂ ನಾನೇ ನವೀಕರಿಸುತ್ತಿದ್ದೆ. ಬ್ಯಾಂಕಿನಲ್ಲೇ ಗುಮಾಸ್ತನಾಗಿದ್ದೂ ಯಂತ್ರದ ಮುಂದೆ ಕೂರುವವರ ವಿಚಾರ ನನಗೆ ಹೊಳೆದಿರಲಿಲ್ಲ.

ಯಾವ ಪಾಲಿಸಿಗೂ ಸೇರದವನು

ತರಬೇತಿ ಪಡೆಯುವವನ ಸ್ಥಾನವೇ ವಿಚಿತ್ರ. ಅವನು ಸಂಘದ ನೌಕರನಲ್ಲ, ಅವನಿಗೆ ಸಂಬಳವಿಲ್ಲ. ಹೆಚ್ಚೆಂದರೆ ಸಣ್ಣ ಸ್ಟೈಪೆಂಡ್. ಕೆಲಸದ ವೇಳೆ ಗಾಯಗೊಂಡ ನೌಕರನಿಗೆ ಪರಿಹಾರ ನೀಡುವ 1923ರ ಕಾಯ್ದೆ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿಹೋಗಿದ್ದು, ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅಲ್ಲಿಯೂ ಪರಿಹಾರದ ಲೆಕ್ಕ ನಡೆಯುವುದು ಸಂಬಳದ ಮೇಲೆ. ಆದ್ದರಿಂದ ಸಂಬಳ ಪಡೆಯುವ ಶಿಕ್ಷಕರು, ಸಹಾಯಕರಿಗಾಗಿ ತೆಗೆದ ನೌಕರರ ಪಾಲಿಸಿಯೊಳಗೆ ಕಲಿಯುವವರೂ ಇದ್ದಾರೆಂದು ಭಾವಿಸಬಾರದು.

ಈ ಕೊರತೆ ತುಂಬುವುದು ಗ್ರೂಪ್ ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ. ಸಂಸ್ಥೆಯ ಹೆಸರಿನಲ್ಲಿ ತೆಗೆದು, ಕಲಿಯುವವರ ಪಟ್ಟಿಯನ್ನು ಅದಕ್ಕೆ ಜೋಡಿಸಬೇಕು. ಸಾವು, ಶಾಶ್ವತ ಪೂರ್ಣ ಅಂಗಹಾನಿ, ಶಾಶ್ವತ ಭಾಗಶಃ ಅಂಗಹಾನಿ ಈ ಮೂರೂ ಇರಲಿ. ಬೆರಳು ಹೋದರೆ ಶೇಕಡಾ ಎಷ್ಟು ಎಂಬ ಕೋಷ್ಟಕವಿರುವುದು ಮೂರನೆಯದರಲ್ಲಿ. ಆಸ್ಪತ್ರೆಯ ಖರ್ಚು ತಾನಾಗಿ ಸಿಗದು, ಆ ಸೌಲಭ್ಯವನ್ನು ಬೇರೆಯಾಗಿ ಕೇಳಿ ಸೇರಿಸಿಕೊಳ್ಳಬೇಕು. ಹೊಸಬರು ಸೇರಿದಾಗಲೆಲ್ಲ ಪಟ್ಟಿಯನ್ನು ವಿಮಾ ಕಂಪೆನಿಗೆ ಲಿಖಿತವಾಗಿ ತಿಳಿಸಬೇಕು. ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಪಾಲಿಸಿ ಇದ್ದೂ ಇಲ್ಲದಂತೆ.

ಮುಚ್ಚಿಡಬೇಡಿ

ಅಂಗವೈಕಲ್ಯ ತಿಳಿಸಿದರೆ ಕಂಪೆನಿ ಒಪ್ಪಲಾರದು ಎಂಬ ಹೆದರಿಕೆಯಿಂದ ಕೆಲವರು ಪ್ರಪೋಸಲ್ ಫಾರ್ಮಿನಲ್ಲಿ ಆ ಜಾಗ ಖಾಲಿ ಬಿಡುವುದುಂಟು. ಇದು ದೊಡ್ಡ ತಪ್ಪು. ವಿಮೆ ಪೂರ್ಣ ವಿಶ್ವಾಸದ ಕರಾರು. ಮುಚ್ಚಿಟ್ಟದ್ದು ಕ್ಲೇಮಿನ ಹೊತ್ತಿಗೆ ಹೊರಬಂದರೆ ಹಣ ಸಿಗುವುದಿಲ್ಲ. ಪ್ರತಿಯೊಬ್ಬರ ಪ್ರಮಾಣಪತ್ರದ ಪ್ರತಿ ಲಗತ್ತಿಸಿ ಕೊಡುವುದೇ ಕ್ಷೇಮ.

ಮೊದಲೇ ಇರುವ ಊನದಿಂದಾದ ನಷ್ಟಕ್ಕೆ ಪರಿಹಾರವಿಲ್ಲ ಎಂಬ ಷರತ್ತು ಹಲವು ಪಾಲಿಸಿಗಳಲ್ಲಿ ಇರುತ್ತದೆ. ಸಾಮಾನ್ಯವಾಗಿ ಒಂದು ಕಣ್ಣು ಹೋದರೆ ವಿಮಾ ಮೊತ್ತದ ಅರ್ಧ, ಎರಡೂ ಹೋದರೆ ಪೂರ್ತಿ. ಹಾಗಾದರೆ ಒಂದೇ ಕಣ್ಣಿನ ದೃಷ್ಟಿ ಇರುವವನು ಅದನ್ನೂ ಕಳೆದುಕೊಂಡರೆ? ಕಂಪೆನಿಗೆ ಅದು ಒಂದು ಕಣ್ಣು, ಅವನಿಗೆ ಅದೇ ಎಲ್ಲ. ಈ ಪ್ರಶ್ನೆಗೆ ಪ್ರೀಮಿಯಂ ಕಟ್ಟುವ ಮೊದಲೇ ಲಿಖಿತ ಉತ್ತರ ಪಡೆಯಿರಿ. ಏಜೆಂಟರ ಬಾಯಿಮಾತು ಸಾಲದು.

ಇನ್ನಷ್ಟು ದಾರಿಗಳು

ಪ್ರತಿಯೊಬ್ಬರಿಗೂ ಉಳಿತಾಯ ಖಾತೆ ತೆರೆಸಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಿಸಿ. 2015ರಲ್ಲಿ 12 ರೂ. ಇದ್ದ ವಾರ್ಷಿಕ ಪ್ರೀಮಿಯಂ 2022ರ ಜೂನ್ 1ರಿಂದ 20 ರೂ. ಆಗಿದೆ. ವಯೋಮಿತಿ 18ರಿಂದ 70. ಅಪಘಾತದ ಸಾವು ಅಥವಾ ಪೂರ್ಣ ಅಂಗಹಾನಿಗೆ 2 ಲಕ್ಷ, ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲು ಹೋದರೆ 1 ಲಕ್ಷ ರೂ. ಆದರೆ ನಮ್ಮ ಹುಡುಗನಂತೆ ಎರಡು ಬೆರಳು ಹೋದರೆ ಇದರಲ್ಲಿ ಏನೂ ಸಿಗದು. ಆದ್ದರಿಂದ ಇದು ಗ್ರೂಪ್ ಪಾಲಿಸಿಯ ಜತೆಗಿರಲಿ, ಬದಲಿಗಲ್ಲ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಹಾಗೂ ಬಹುವಿಧ ವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂ. ವರೆಗೆ ನೆರವಾಗುತ್ತದೆ. ಪೂರ್ವಭಾವಿ ವೈದ್ಯಕೀಯ ಪರೀಕ್ಷೆ ಬೇಕಿಲ್ಲ. ಇನ್ನು "ಅಂಗವಿಕಲರಿಗೆ ಆರೋಗ್ಯ ಪಾಲಿಸಿ ಕೊಡುವುದಿಲ್ಲ" ಎಂದು ಯಾರಾದರೂ ಹೇಳಿದರೆ ಸುಮ್ಮನೆ ಹಿಂದಿರುಗಬೇಡಿ. 2022ರ ಡಿಸೆಂಬರಿನಲ್ಲಿ ದಿಲ್ಲಿ ಹೈಕೋರ್ಟಿನ ಆದೇಶ ಬಂದ ಮೇಲೆ, ವಿಕಲಚೇತನರಿಗಾಗಿ ಪಾಲಿಸಿ ಹೊರತರಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2023ರ ಫೆಬ್ರವರಿಯಲ್ಲಿ ಕಂಪೆನಿಗಳಿಗೆ ಸೂಚಿಸಿದೆ.

ಮಕ್ಕಳನ್ನು ಕರೆತರುವ ಸಂಘದ ಕಾರು ಅಥವಾ ವ್ಯಾನಿನ ಪಾಲಿಸಿಯನ್ನೂ ನೋಡಿಕೊಳ್ಳಿ. ಕಡಿಮೆ ಹಣಕ್ಕೆ ತೆಗೆದ ಬರೀ ಥರ್ಡ್ ಪಾರ್ಟಿ ಪಾಲಿಸಿ ಖಾಸಗಿ ವಾಹನದೊಳಗೆ ಉಚಿತವಾಗಿ ಕುಳಿತವರನ್ನು ರಕ್ಷಿಸುವುದಿಲ್ಲ.

ದಾನಿಗಳು ಹೊಲಿಗೆ ಯಂತ್ರ ಕೊಡುತ್ತಾರೆ, ಫ್ಯಾನ್ ಕೊಡುತ್ತಾರೆ, ಗೋಡೆಯ ಮೇಲೆ ಹೆಸರು ಬರುತ್ತದೆ. ಪ್ರೀಮಿಯಂ ಕೊಟ್ಟವರ ಹೆಸರು ಎಲ್ಲಿಯೂ ಬರೆಯುವುದಿಲ್ಲವಾದ್ದರಿಂದ ಆ ಬಾಬ್ತಿಗೆ ಹಣ ಕೇಳಲು ನಮಗೂ ಸಂಕೋಚ. ಆ ಘಟನೆಯ ನಂತರ ನಮ್ಮ ಸಂಘ ವಿಮೆಯ ಖರ್ಚನ್ನು ಬಾಡಿಗೆ, ವಿದ್ಯುತ್ ಬಿಲ್ಲಿನಂತೆ ಬಜೆಟಿನಲ್ಲೇ ಸೇರಿಸಿದೆ. ಹುಡುಗ ಮತ್ತೆ ಕೇಂದ್ರಕ್ಕೆ ಬರುತ್ತಿದ್ದಾನೆ. ಅವನ ತಂದೆಗೆ ಮಾತ್ರ ನಾನು ಈಗಲೂ ಸರಿಯಾದ ಉತ್ತರ ಕೊಟ್ಟಿಲ್ಲ.

ತರಬೇತಿ ಕೇಂದ್ರ ನಡೆಸುವ ಸಂಘಗಳ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೆ. ಮುಂದಿನ ಸಮಿತಿ ಸಭೆಗೆ ಪಾಲಿಸಿಯ ಪ್ರತಿ ತರಿಸಿ, ಹಾಜರಿ ಪುಸ್ತಕವನ್ನು ಪಕ್ಕದಲ್ಲಿಟ್ಟು ಎರಡರಲ್ಲೂ ಅದೇ ಹೆಸರುಗಳಿವೆಯೇ ಎಂದು ನೋಡಿ.