ಬ್ಯಾಂಕಾಕ್ ಬಜೆಟ್ ಇಲ್ಲ, ಹುಬ್ಬಳ್ಳಿ-ಧಾರವಾಡ ಐತಲ್ಲ!

ಬ್ಯಾಕ್‌ಪ್ಯಾಕಿಂಗ್ ಅಂದ ಕೂಡಲೇ ನಮ್ಮ ಕ್ಲಾಸಿನಲ್ಲಿ ಎಲ್ಲರ ಕಣ್ಣ ಮುಂದೆ ಬರೋದು ಬ್ಯಾಂಕಾಕ್. ಬೆನ್ನ ಮೇಲೆ ದೊಡ್ಡ ಬ್ಯಾಗು, ಜೊತೆಗೊಬ್ಬ ದೋಸ್ತ, ಬೀದಿ ಬದಿ ನೂಡಲ್ಸು, ಹಿಂದೆ ಟುಕ್‌ಟುಕ್ ಸದ್ದು. ಪಾಸ್‌ಪೋರ್ಟೇ ಇಲ್ಲದ ಇಬ್ಬರು ಸೆಕೆಂಡ್ ಇಯರ್ ಹುಡುಗಿಯರು ಆ ರೀಲ್ಸ್ ನೋಡಿ ಏನು ಮಾಡಬೇಕು? ನಾವು ಮಾಡಿದ್ದಿಷ್ಟು. ಬ್ಯಾಕ್‌ಪ್ಯಾಕಿಂಗ್ ಅನ್ನೋದರ ನಿಯಮಗಳೇನು ಅಂತ ಮೊದಲು ತಿಳಿದುಕೊಂಡೆವು, ಆಮೇಲೆ ಅವನ್ನೇ ಹುಬ್ಬಳ್ಳಿ-ಧಾರವಾಡಕ್ಕೆ ಹಚ್ಚಿ ನೋಡಿದೆವು. ಶನಿವಾರ ಹುಬ್ಬಳ್ಳಿ, ರವಿವಾರ ಧಾರವಾಡ. ನಮ್ಮಲ್ಲಿ ಒಬ್ಬಳು ಬೀದರ್ ಕಡೆಯವಳು, ಹಾಸ್ಟೆಲ್‌ನಲ್ಲಿ ಇರೋಳು. ಇನ್ನೊಬ್ಬಳು ಹುಬ್ಬಳ್ಳಿಯಲ್ಲೇ ಹುಟ್ಟಿ, ಸ್ಕೂಲ್ ಬಸ್ಸಿನ ಕಿಟಕಿಯಿಂದ ಊರು ನೋಡಿದೋಳು. ಯಾರಿಗೆ ಊರು ಹೆಚ್ಚು ಗೊತ್ತಿತ್ತು ಅಂತ ಕೇಳಿದರೆ, ಇಬ್ಬರದೂ ಸಮಸಮ.

ಮೊದಲು ಸ್ವಲ್ಪ ಇತಿಹಾಸ. 1960-70ರ ದಶಕದಲ್ಲಿ ಯೂರೋಪಿನ ಹುಡುಗ ಹುಡುಗಿಯರು ಬಸ್ಸು, ಲಾರಿ, ಹಳೇ ವ್ಯಾನು ಹಿಡಿದು ಟರ್ಕಿ, ಇರಾನ್, ಅಫ್ಘಾನಿಸ್ತಾನದ ಮೇಲೆ ಹಾದು ಕಾಠ್ಮಂಡು, ಗೋವಾ ತನಕ ಬರ್ತಿದ್ದರು. ಆ ದಾರಿಗೆ ಹಿಪ್ಪಿ ಟ್ರೇಲ್ ಅಂತ ಹೆಸರು. ಹೀಗೇ 1972ರಲ್ಲಿ ಲಂಡನ್‌ನಿಂದ ಹೊರಟು ಆಸ್ಟ್ರೇಲಿಯಾ ಮುಟ್ಟಿದ ಟೋನಿ ಮತ್ತು ಮೌರೀನ್ ವೀಲರ್ ದಂಪತಿ 1973ರಲ್ಲಿ ಒಂದು ಸಣ್ಣ ಪುಸ್ತಕ ಮಾಡಿದರು. ಲೋನ್ಲಿ ಪ್ಲಾನೆಟ್ ಹುಟ್ಟಿದ್ದು ಹಾಗೆ. ಎರಡೇ ವರ್ಷಕ್ಕೆ, 1975ರಲ್ಲಿ, ಕಡಿಮೆ ದುಡ್ಡಿನಲ್ಲಿ ಆಗ್ನೇಯ ಏಷ್ಯಾ ಸುತ್ತೋದು ಹೇಗೆ ಅನ್ನೋ ಪುಸ್ತಕವೂ ಬಂತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿ ಆಯ್ತು, ಅದೇ ವರ್ಷದ ಕೊನೆಗೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೈನ್ಯ ಬಂತು. ಹಳೇ ದಾರಿ ಮುಚ್ಚಿತು. ಆಗ ಬ್ಯಾಂಕಾಕ್‌ನಂಥ ಊರುಗಳ ಕಡೆ ಬ್ಯಾಗುಗಳು ಇನ್ನಷ್ಟು ತಿರುಗಿದವು.

ಇಷ್ಟರಲ್ಲೇ ನಿಯಮಗಳೂ ಸಿಗುತ್ತವೆ. ಏಜೆಂಟ್ ಇಲ್ಲ, ಪ್ಯಾಕೇಜ್ ಇಲ್ಲ. ನಿಮ್ಮ ಭಾರ ನಿಮ್ಮ ಬೆನ್ನ ಮೇಲೆ. ಊರಿನ ಜನ ಹೋಗೋ ಬಸ್ಸಿನಲ್ಲೇ ಹೋಗಬೇಕು, ಅವರು ಉಣ್ಣೋ ಕಡೆಯೇ ಉಣ್ಣಬೇಕು, ಉಳಿದದ್ದೆಲ್ಲ ನಡೀಬೇಕು. ದುಡ್ಡಿನ ಬದಲು ಟೈಮ್ ಖರ್ಚು ಮಾಡೋದು ಅಂತ ನಾವು ಅರ್ಥ ಮಾಡಿಕೊಂಡೆವು. ರಾತ್ರಿ ಹೊರಗೆ ಉಳಿಯದಿದ್ದರೆ ಅದೆಂಥ ಬ್ಯಾಕ್‌ಪ್ಯಾಕಿಂಗ್ ಅಂತ ಕ್ಲಾಸಿನ ಹುಡುಗರು ನಕ್ಕರು. ರಾತ್ರಿ ಹೊರಗಿರೋದು ನಮ್ಮ ಮನೆಗಳಲ್ಲಿ ಪಾಸಾಗೋ ಪ್ರಸ್ತಾಪ ಅಲ್ಲ ಅನ್ನೋದು ಅವರಿಗೆ ಹೊಳೆಯೋದಿಲ್ಲ, ಬಿಡಿ.

ಬ್ಯಾಗಿನ ವಿಷಯದಲ್ಲಿ ನಮ್ಮ ಸಿಲಬಸ್ ಉಪಯೋಗಕ್ಕೆ ಬಂತು. ಆರು ಕೆ.ಜಿ. ಬ್ಯಾಗಿನ ಭಾರಕೇಂದ್ರ ಬೆನ್ನಿನಿಂದ 10 ಸೆಂ.ಮೀ. ದೂರ ಇದ್ದರೆ ನಿಮ್ಮನ್ನು ಹಿಂದಕ್ಕೆ ಎಳೆಯೋ ಟಾರ್ಕ್ ಸುಮಾರು 5.9 ನ್ಯೂಟನ್-ಮೀಟರ್. 20 ಸೆಂ.ಮೀ. ಆದರೆ 11.8. ತೂಕ ಅಷ್ಟೇ, ಎಳೆತ ಎರಡು ಪಟ್ಟು. ಅದನ್ನು ಸರಿದೂಗಿಸೋಕೆ ಮೈ ತಾನಾಗೇ ಮುಂದಕ್ಕೆ ಬಾಗುತ್ತದೆ, ಸಂಜೆ ಹೊತ್ತಿಗೆ ಸೊಂಟ ಹಿಡೀತದೆ. ಅದಕ್ಕೇ ನೀರಿನ ಬಾಟಲಿಯಂಥ ಭಾರದ ಸಾಮಾನು ಲ್ಯಾಪ್‌ಟಾಪ್ ಇಡೋ ಜಾಗದಲ್ಲಿ, ಬೆನ್ನಿಗೆ ಅಂಟಿಕೊಂಡಂತೆ ಇಡಬೇಕು. ದುಪಟ್ಟಾ, ಛತ್ರಿ, ಚುರುಮುರಿ ಪೊಟ್ಟಣ ಹೊರಗಡೆ. ಪಟ್ಟಿ ಬಿಗಿ ಮಾಡಿ ಬ್ಯಾಗು ಮೇಲಕ್ಕೆ ಎತ್ತಿಕೊಳ್ಳಿ. ಕ್ಯಾಂಪಸ್ಸಿನಲ್ಲಿ ಸ್ಟೈಲಿಗೆ ಕೆಳಗೆ ಜೋತುಬಿಡೋ ಹಾಗೆ ಬಿಟ್ಟರೆ ಆಗೋದಿಲ್ಲ.

ಹುಬ್ಬಳ್ಳಿ ಶುರುವಾಗಬೇಕಾದ್ದು ರೈಲ್ವೆ ಸ್ಟೇಷನ್ನಿನಿಂದ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಈ ಕಡೆ ಬಂದ ಮೇಲೇ ಹುಬ್ಬಳ್ಳಿ ಹತ್ತಿ, ಕಾಳುಕಡಿ ವ್ಯಾಪಾರದ ದೊಡ್ಡ ಊರಾಗಿ ಬೆಳೆದದ್ದು. ಜಿಲ್ಲೆಯ ಕಚೇರಿ, ಕಾಲೇಜು ಎಲ್ಲ ಧಾರವಾಡದಲ್ಲಿ. ಒಂದು ಊರಿಗೆ ಲೆಕ್ಕದ ಪುಸ್ತಕ, ಇನ್ನೊಂದಕ್ಕೆ ಓದೋ ಪುಸ್ತಕ. ಸುಮಾರು 20 ಕಿ.ಮೀ. ದೂರದ ಈ ಎರಡು ಊರನ್ನು 1962ರಲ್ಲಿ ಒಂದೇ ಮಹಾನಗರಪಾಲಿಕೆ ಮಾಡಿದರು. ಹುಬ್ಬಳ್ಳಿ ಸ್ಟೇಷನ್ನಿಗೆ ಈಗ ಶ್ರೀ ಸಿದ್ಧಾರೂಢ ಸ್ವಾಮೀಜಿ ಅವರ ಹೆಸರು. ಅಲ್ಲಿನ ಎಂಟನೇ ಪ್ಲಾಟ್‌ಫಾರಂ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು, ಗಿನ್ನೆಸ್ ದಾಖಲೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯ್ತು. ಗಂಟೆಗೆ ಐದು ಕಿ.ಮೀ. ವೇಗದಲ್ಲಿ ನಡೆದರೆ ಈ ತುದಿಯಿಂದ ಆ ತುದಿಗೆ 18 ನಿಮಿಷ. ನಾವು ಪ್ಲಾಟ್‌ಫಾರಂ ಟಿಕೆಟ್ ತಗೊಂಡು ನಡೆದೆವು, 25 ನಿಮಿಷ ಆಯ್ತು. ನಡುವೆ ಚಹಾ ಕುಡಿದದ್ದೂ ಲೆಕ್ಕದಲ್ಲಿ ಐತಿ.

ಸ್ಟೇಷನ್ನಿನಿಂದ ಹಳೇ ಪೇಟೆ ಕಡೆ ಹೋದಾಗ ನಮಗೆ ನಿಜವಾದ ಮಜಾ ಸಿಕ್ಕಿತು. ಬ್ಯಾಂಕಾಕ್‌ನಲ್ಲಿ ಎಲ್ಲ ಬ್ಯಾಕ್‌ಪ್ಯಾಕರ್‌ಗಳೂ ಇಳಿಯೋ ಬೀದಿ ಖಾವ್ ಸಾನ್ ರೋಡ್. ಖಾವ್ ಸಾನ್ ಅಂದರೆ ಥಾಯ್ ಭಾಷೆಯಲ್ಲಿ ಅಕ್ಕಿ. ಮೊದಲು ಅದು ಅಕ್ಕಿ ಮಾರೋ ಬೀದಿ, 1980ರ ದಶಕದಲ್ಲಿ ಅಗ್ಗದ ಲಾಡ್ಜುಗಳು ಬಂದು ಈಗಿನ ಥರ ಆಯ್ತು. ನಮ್ಮ ಹುಬ್ಬಳ್ಳಿಯಲ್ಲಿ? ಅಕ್ಕಿಹೊಂಡ! ಹೆಸರಲ್ಲೇ ಅಕ್ಕಿ. ಇಲ್ಲಿ ಲಾಡ್ಜು ಬಂದಿಲ್ಲ, ಮೂಟೆ ಹೊರೋ ಹಮಾಲರೇ ಇದ್ದಾರೆ. "ಸರೀರಿ ಅಕ್ಕಾರ, ಬ್ಯಾಗ್ ತಾಗತೈತಿ" ಅಂತ ಒಬ್ಬರು ಹೇಳಿದ ಮೇಲೆ ನಾವು ಬ್ಯಾಗನ್ನು ಹೊಟ್ಟೆ ಮುಂದೆ ಹಾಕಿಕೊಂಡೆವು. ಗದ್ದಲದ ಪೇಟೆಯಲ್ಲಿ ಹಾಗೇ ಹಾಕಿಕೊಳ್ಳಬೇಕು, ಕಿಸೆಗಳ್ಳರಿಗೂ ಕಷ್ಟ.

ಹನೋಯ್‌ನ ಹಳೇ ಪೇಟೆಗೆ ಮೂವತ್ತಾರು ಬೀದಿಗಳ ಪೇಟೆ ಅಂತ ಹೆಸರು. ಒಂದೊಂದು ಬೀದಿಗೂ ಅಲ್ಲಿ ಮಾರೋ ಸಾಮಾನಿನ ಹೆಸರು. ಹಾಂಗ್ ಬಾಕ್ ಅಂದರೆ ಬೆಳ್ಳಿ ಬೀದಿ. ಅದನ್ನು ನೋಡೋಕೆ ಜನ ವಿಮಾನ ಹತ್ತಿ ಹೋಗ್ತಾರೆ. ನಾವು ದುರ್ಗದಬೈಲ್ ಸುತ್ತಮುತ್ತ ಬೋರ್ಡು ಓದುತ್ತಾ ಹೋದರೆ ಜವಳಿ ಸಾಲ, ಕಂಚಗಾರ ಗಲ್ಲಿ, ಮೇದಾರ ಓಣಿ. ಜವಳಿ ಅಂದರೆ ಬಟ್ಟೆ. ಕಂಚಗಾರರು ಕಂಚು ಹಿತ್ತಾಳೆ ಪಾತ್ರೆ ಮಾಡೋರು, ಮೇದಾರರು ಬಿದಿರಿನ ಬುಟ್ಟಿ ಹೆಣೆಯೋರು. ಒಂದೇ ಥರದ ಅಂಗಡಿಗಳು ಅಕ್ಕಪಕ್ಕ ಯಾಕೆ? ಪೈಪೋಟಿ ಅಲ್ವಾ? ಆದರೆ ಕೊಳ್ಳೋನ ಕಡೆಯಿಂದ ನೋಡಿ. ಜಾಹೀರಾತು, ಫೋನು ಇಲ್ಲದ ಕಾಲದಲ್ಲಿ ಹಳ್ಳಿಯಿಂದ ಚಕ್ಕಡಿ ಕಟ್ಟಿಕೊಂಡು ಬಂದವನು ಒಂದೇ ಓಣಿಯಲ್ಲಿ ಹತ್ತು ಅಂಗಡಿಯ ರೇಟು ಕೇಳಬಹುದು. ಹುಡುಕೋ ಖರ್ಚು ಉಳೀತು. ಗಿರಾಕಿ ಅಲ್ಲಿಗೇ ಬರ್ತಾನೆ ಅಂತ ಗೊತ್ತಾದ ಮೇಲೆ ಹನ್ನೊಂದನೇ ಅಂಗಡಿಯೂ ಅಲ್ಲೇ ತೆರೆಯುತ್ತದೆ. ಶಾಪಿಂಗ್ ಆ್ಯಪ್ ಈಗ ಮಾಡೋದು ಇದನ್ನೇ, ನಡೆಯೋದೊಂದು ಇಲ್ಲ ಅಷ್ಟೇ.

ಜವಳಿ ಸಾಲದ ಒಂದು ಅಂಗಡಿಯ ಕಾಕಾ ನಮ್ಮ ಬ್ಯಾಗು ನೋಡಿ "ಯಾವೂರ್ರೀ ನಿಮ್ದು?" ಅಂದರು. "ಇದ ಊರ್ರೀ ಕಾಕಾ" ಅಂದರೆ ನಂಬಲಿಲ್ಲ. ಬೆನ್ನಿಗೆ ಬ್ಯಾಗು ಹಾಕಿ, ತಲೆ ಎತ್ತಿ ಬೋರ್ಡು ಓದೋರು ಊರವರು ಹೇಗಾದಾರು? ಆದರೆ ಹೊರಗಿನವರು ಅಂದುಕೊಂಡಿದ್ದಕ್ಕೇ ಅವರು ಕೂರಿಸಿಕೊಂಡು ಇಳಕಲ್ ಸೀರೆಯ ಟೋಪಿ ತೆನಿ ಸೆರಗು ಬಿಚ್ಚಿ ತೋರಿಸಿದರು, ಒಂದೂ ಕೊಳ್ಳದಿದ್ದರೂ ಚಹಾ ಕೊಟ್ಟರು.

ಊಟದ ಲೆಕ್ಕ ಸರಳ. ಶನಿವಾರ ಮಧ್ಯಾಹ್ನ ಸಿದ್ಧಾರೂಢ ಮಠದಲ್ಲಿ ಪ್ರಸಾದ. ಸಂಜೆ ದುರ್ಗದಬೈಲಿನ ಗಾಡಿಗಳಲ್ಲಿ ಗಿರಮಿಟ್ಟು, ಮಿರ್ಚಿ. ಸಿಂಗಾಪುರದ ಬೀದಿ ಊಟದ ಪದ್ಧತಿಗೆ 2020ರಲ್ಲಿ ಯುನೆಸ್ಕೋ ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ದುರ್ಗದಬೈಲಿಗೆ ಸಿಕ್ಕಿಲ್ಲ, ಆದರೂ ಮಿರ್ಚಿ ಖಾಲಿ ಆಗೋದು ನಿಂತಿಲ್ಲ.

ಈಗ ರೀಲ್ಸ್‌ನಲ್ಲಿ ಯಾರೂ ಹೇಳದ ಭಾಗ. ಇಬ್ಬರು ಹುಡುಗಿಯರು ದಿನವಿಡೀ ಊರಲ್ಲಿ ನಡೆಯಬೇಕು ಅಂದರೆ ದಾರಿಯನ್ನು ನಿರ್ಧರಿಸೋದು ದೇವಸ್ಥಾನ, ಮ್ಯೂಸಿಯಂ ಅಲ್ಲ, ಶೌಚಾಲಯ. ಮುಟ್ಟಿನ ದಿನ ಆಗಿದ್ದರಂತೂ ಬೇರೆ ಮಾತೇ ಇಲ್ಲ. ಎಷ್ಟೋ ಹುಡುಗಿಯರು ಹೊರಗೆ ಹೋದಾಗ ನೀರೇ ಕುಡಿಯೋದಿಲ್ಲ. ಬಿಸಿಲಲ್ಲಿ ಅದು ತಲೆನೋವು, ಉರಿಮೂತ್ರಕ್ಕೆ ದಾರಿ. ಅದಕ್ಕೆ ನಾವು ಮ್ಯಾಪ್‌ನಲ್ಲಿ ಮೊದಲು ಗುರುತು ಹಾಕಿದ್ದು ಇವನ್ನೇ: ರೈಲ್ವೆ ಸ್ಟೇಷನ್ನಿನ ವೇಟಿಂಗ್ ರೂಮು, ಬಸ್‌ಸ್ಟ್ಯಾಂಡು, ಮಧ್ಯಾಹ್ನ ಕೂತು ಉಣ್ಣೋ ಖಾನಾವಳಿ. ಒಂದರಿಂದ ಇನ್ನೊಂದಕ್ಕೆ ಎರಡು ತಾಸು ಮೀರದ ಹಾಗೆ ನೋಡಿಕೊಂಡು, ಆ ಚುಕ್ಕೆಗಳ ನಡುವೆ ಪೇಟೆ, ಗುಡಿ ಸೇರಿಸಿದೆವು. ಒಂದು ಕಡೆ ಬೀಗ ಹಾಕಿತ್ತು, ಕೀಲಿ ಯಾರ ಹತ್ತಿರ ಅಂತ ಹುಡುಕೋದರಲ್ಲೇ ಅರ್ಧ ತಾಸು ಹೋಯ್ತು. ಚಿಲ್ಲರೆ ಕೈಯಲ್ಲಿರಲಿ, ಸೋಪಿನ ಹಾಳೆ ಬ್ಯಾಗಲ್ಲಿರಲಿ. ಇನ್ನು ವಾಪಸ್ ಬರೋ ಟೈಮು. ಒಬ್ಬಳಿಗೆ ಹಾಸ್ಟೆಲ್ ಗೇಟು, ಇನ್ನೊಬ್ಬಳಿಗೆ ಮನೆಯಲ್ಲಿ ಅವ್ವ. ಏಳೂವರೆಯಿಂದ ಹಿಂದಕ್ಕೆ ಎಣಿಸಿ ಕೊನೆಯ ಬಸ್ಸನ್ನು ಮೊದಲು ಗೊತ್ತುಮಾಡಿಕೊಂಡು, ಆಮೇಲೆ ಬೆಳಿಗ್ಗೆಯ ಪ್ಲಾನು ಹಾಕಿದೆವು. ಹುಡುಗರ ಹಾಸ್ಟೆಲ್‌ನ ಗೆಳೆಯರು ಈ ಪ್ಯಾರಾ ಎರಡು ಸಲ ಓದಿದರೆ ಸಂತೋಷ.

ರವಿವಾರ ಧಾರವಾಡಕ್ಕೆ ಹೋದದ್ದು ಚಿಗರಿ ಬಸ್ಸಿನಲ್ಲಿ. 2018ರಲ್ಲಿ ಓಡೋಕೆ ಶುರುವಾದ ಬಿಆರ್‌ಟಿಎಸ್, ಸುಮಾರು 22 ಕಿ.ಮೀ. ರಸ್ತೆ ನಡುವೆ ಅದಕ್ಕೇ ಬೇರೆ ಲೇನು, ಟಿಕೆಟ್ ನಿಲ್ದಾಣದಲ್ಲೇ, ಬಸ್ಸಿನ ನೆಲದ ಎತ್ತರಕ್ಕೇ ಪ್ಲಾಟ್‌ಫಾರಂ. ಆಗ್ನೇಯ ಏಷ್ಯಾದಲ್ಲಿ ಇಂಥದ್ದು ಮೊದಲು ಬಂದದ್ದು 2004ರಲ್ಲಿ ಜಕಾರ್ತಾಕ್ಕೆ. ವೇಗ ಖರೇನೇ, ಆದರೆ ಬ್ಯಾಕ್‌ಪ್ಯಾಕರ್‌ಗೆ ವೇಗವೇ ತೊಂದರೆ. ಅದಕ್ಕೆ ಉಣಕಲ್‌ನಲ್ಲಿ ಇಳಿದೆವು. ಕೆರೆ ಎಲ್ಲರಿಗೂ ಗೊತ್ತು. ಊರೊಳಗೆ ಮನೆಗಳ ನಡುವೆ ಇರೋ ಚಂದ್ರಮೌಳೇಶ್ವರ ಗುಡಿ ನಮ್ಮ ಕ್ಲಾಸಿನಲ್ಲಿ ಕೇಳಿದರೆ ಮೂರು ಜನಕ್ಕೆ ಗೊತ್ತಿತ್ತು. ಕಲ್ಯಾಣ ಚಾಲುಕ್ಯರ ಕಾಲದ್ದು, ನಾಲ್ಕು ದಿಕ್ಕಿಗೂ ಬಾಗಿಲು, ಒಳಗೆ ನಾಲ್ಕು ಮುಖದ ಲಿಂಗ. ಎಂಟು-ಒಂಬತ್ತು ನೂರು ವರ್ಷದ ಕಲ್ಲಿನ ಗೋಡೆಯಿಂದ ಕೆಲವೇ ಹೆಜ್ಜೆ ದೂರದಲ್ಲಿ ಒಬ್ಬರು ಅಜ್ಜಿ ಹಪ್ಪಳ ಒಣಹಾಕಿದ್ದರು.

ಧಾರವಾಡದಲ್ಲಿ ಜುಬಿಲಿ ಸರ್ಕಲ್‌ನಿಂದ ಎಲ್ಲವೂ ನಡೆಯೋ ದೂರ. 1890ರಲ್ಲಿ ಶುರುವಾದ ಕರ್ನಾಟಕ ವಿದ್ಯಾವರ್ಧಕ ಸಂಘ. ಸುಭಾಸ ರಸ್ತೆಯಲ್ಲಿ 'ಅಟ್ಟ' ಅಂತ ಕರೆಯೋ ಮನೋಹರ ಗ್ರಂಥಮಾಲಾ. ಅಲ್ಲಿಂದಲೇ 1961ರಲ್ಲಿ ಗಿರೀಶ ಕಾರ್ನಾಡರ 'ಯಯಾತಿ' ಪ್ರಕಟವಾದದ್ದು, ಆಗ ಅವರಿಗೆ 23 ವರ್ಷ. ನಮಗಿಂತ ನಾಲ್ಕೇ ವರ್ಷ ದೊಡ್ಡವರು ಅಂತ ಲೆಕ್ಕ ಹಾಕಿ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಆಮೇಲೆ ಲೈನ್ ಬಜಾರಿನ ಪೇಢೆ. ಪ್ಲೇಗಿನ ಕಾಲದಲ್ಲಿ ಉತ್ತರದ ಉನ್ನಾವ್‌ನಿಂದ ಬಂದ ಠಾಕೂರ್ ಮನೆತನದ ಕೈರುಚಿ ಅದು, ಈಗ ಜಿಐ ಟ್ಯಾಗ್ ಇದೆ. ಧಾರವಾಡದ ಗುರುತೇ ಆಗಿರೋ ತಿಂಡಿ ತಂದವರೂ ಒಂದು ಕಾಲಕ್ಕೆ ಗಂಟು ಹೊತ್ತು ಬಂದವರೇ. ಕೊನೆಗೆ ಸಾಧನಕೇರಿ. ಬೇಂದ್ರೆಯವರ ಮನೆ ಎದುರು ಕೆರೆ ದಂಡೆಯಲ್ಲಿ ಕೂತು ಶೂ ಬಿಚ್ಚಿದೆವು. ಎರಡು ದಿನಕ್ಕೆ ಇಬ್ಬರದೂ ಸೇರಿ ಖರ್ಚು 430 ರೂಪಾಯಿ. ಅದರಲ್ಲಿ ಮನೆಗೆ, ಹಾಸ್ಟೆಲ್‌ಗೆ ಕಟ್ಟಿಸಿದ ಪೇಢೆಯದೇ ದೊಡ್ಡ ಪಾಲು. ಸಾದಾ ಸಿಟಿ ಬಸ್ಸಿನಲ್ಲಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಸಿಕ್ಕಿದ್ದರಿಂದ ಹೊರೆ ಕಡಿಮೆ ಆಯ್ತು.

ನೋಡದೇ ಉಳಿದದ್ದು ಧಾರವಾಡದ ಸಂತೆ. ಮಂಗಳವಾರ ಪೇಟೆ, ಶುಕ್ರವಾರ ಪೇಟೆ, ರವಿವಾರ ಪೇಟೆ ಅಂತ ವಾರದ ಹೆಸರಿನ ಓಣಿಗಳು ಅಲ್ಲಿವೆ, ಆದರೆ ಸಂತೆ ಕೂಡೋದು ಮಂಗಳವಾರ. ಮಂಗಳವಾರ ನಮಗೆ ಮಧ್ಯಾಹ್ನದ ತನಕ ಲ್ಯಾಬ್. ದಸರಾ ರಜೆಯಲ್ಲಿ ಊರಿಗೆ ಹೋಗದೆ ಉಳಿಯೋ ಹುಡುಗಿಯರು ಯಾರಾದರೂ ಇದ್ದರೆ ಕ್ಲಬ್ಬಿನ ರೂಮಿಗೆ ಬಂದು ಹೇಳಿ. ಮ್ಯಾಪು, ಚುಕ್ಕೆಗಳ ಸಮೇತ, ಅಲ್ಲೇ ಗೋಡೆಗೆ ಅಂಟಿಸಿದ್ದೇವೆ.