ಮನೆಸಾಲದ ತೆರಿಗೆ ರಿಯಾಯಿತಿ: ಲಾಭ ಯಾರ ಪಾಲಿಗೆ?

ಮನೆಯೆಂಬುದು ನಮಗೆ ಕೇವಲ ಗೋಡೆ, ಸೂರುಗಳ ಕಟ್ಟಡವಲ್ಲ. ಇಷ್ಟಲಿಂಗ ಪೂಜೆ ನಡೆಯುವ, ದಾಸೋಹ ಸಲ್ಲುವ ಪವಿತ್ರ ತಾಣ. ಸ್ವಂತ ಮನೆ ಬೇಕೆಂಬ ಹಂಬಲ ಸಹಜವಾದುದೇ. ಆದರೆ ಆ ಹಂಬಲಕ್ಕೆ ತೆರಿಗೆ ಉಳಿತಾಯದ ಆಸೆ ಬೆರೆತಾಗ ವಿವೇಕ ಅಗತ್ಯ.

ಚಾಮರಾಜನಗರ ತಾಲ್ಲೂಕಿನ ಉಮ್ಮತ್ತೂರು, ಒಂದು ಕಾಲಕ್ಕೆ ಕೃಷ್ಣದೇವರಾಯನೊಡನೆ ಸೆಣಸಿದ ಅರಸರ ನೆಲೆ. ಇಂಥ ಊರುಗಳಿಂದ ಓದಿ, ಮೈಸೂರಿನಂಥ ನಗರಗಳಲ್ಲಿ ನೌಕರಿ ಹಿಡಿದ ಮಕ್ಕಳು, ಸಾಲ ಮಾಡಿ ಮನೆ ಕೊಂಡರೆ ತೆರಿಗೆ ಉಳಿಯುವುದೆಂದು ಹೇಳುವುದುಂಟು. ಅದನ್ನು ನಂಬಿ ಹೊಲ ಮಾರಲು ಮುಂದಾಗುವ ಹಿರಿಯರೂ ಉಂಟು.

ಲೆಕ್ಕವನ್ನು ನೋಡೋಣ. ಸ್ವಂತ ವಾಸದ ಮನೆಯ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ 2 ಲಕ್ಷ ರೂಪಾಯಿಯವರೆಗೆ ಆದಾಯದಿಂದ ಕಳೆಯಲು ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಅವಕಾಶವಿದೆ. 2014ರ ಮುಂಗಡಪತ್ರವು ಈ ಮಿತಿಯನ್ನು ಒಂದೂವರೆ ಲಕ್ಷದಿಂದ ಏರಿಸಿತು. 2 ಲಕ್ಷ ಬಡ್ಡಿ ತೆತ್ತವನು ಶೇಕಡಾ 30ರ ದರದವನಾದರೆ, ಮೇಲ್ತೆರಿಗೆ ಸೇರಿ 62,400 ರೂಪಾಯಿ ಉಳಿಯುತ್ತದೆ. ಶೇಕಡಾ 5ರ ದರದವನಿಗೆ ಉಳಿಯುವುದು 10,400 ಮಾತ್ರ. ಮಿಕ್ಕ ಹಣ ಬ್ಯಾಂಕಿಗೇ ಸಲ್ಲುತ್ತದೆ. ಕೃಷಿ ಆದಾಯಕ್ಕೆ ಈ ತೆರಿಗೆಯೇ ಇಲ್ಲವಾದುದರಿಂದ ಕೇವಲ ಬೇಸಾಯವನ್ನು ನಂಬಿದವನಿಗೆ ಏನೂ ಉಳಿಯದು. 2020ರಲ್ಲಿ ಬಂದ ಹೊಸ ಪದ್ಧತಿಯಲ್ಲಂತೂ ವಾಸದ ಮನೆಯ ಬಡ್ಡಿಗೆ ಈ ಕಡಿತವಿಲ್ಲ. ಅಂದರೆ, ಹೆಚ್ಚು ಆದಾಯವುಳ್ಳವನಿಗೇ ಹೆಚ್ಚು ನೆರವು.

ಮಾರುಕಟ್ಟೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮನೆಗಳ ಸಂಖ್ಯೆ ಬೇಗ ಹೆಚ್ಚದ ಪಟ್ಟಣದಲ್ಲಿ ರಿಯಾಯಿತಿಯನ್ನು ನೆಚ್ಚಿ ಕೊಳ್ಳುವವರು ಹೆಚ್ಚಾದರೆ ಬೆಲೆ ಏರುತ್ತದೆ. ಸರ್ಕಾರ ಕೊಳ್ಳುವವನಿಗೆಂದು ಬಿಟ್ಟುಕೊಟ್ಟ ಹಣದ ಒಂದು ಪಾಲು ಮಾರುವವನ ಕೈ ಸೇರುತ್ತದೆ. ಸಾಲವಿಲ್ಲದೆ ಕೂಡಿಟ್ಟ ಹಣದಿಂದ ಕೊಳ್ಳುವವನಿಗೆ ರಿಯಾಯಿತಿಯೂ ಇಲ್ಲ, ಏರಿದ ಬೆಲೆಯ ಹೊರೆಯೂ ತಪ್ಪದು.

ಇಂಥ ರಿಯಾಯಿತಿಗೆ ಗಡುವೂ ಇರುವುದುಂಟು. ಅಮೆರಿಕದಲ್ಲಿ 2009ರಲ್ಲಿ ಮೊದಲ ಮನೆ ಕೊಳ್ಳುವವರಿಗೆ 8,000 ಡಾಲರುಗಳವರೆಗೆ ತೆರಿಗೆ ವಿನಾಯಿತಿ ದೊರೆಯಿತು. ಖರೀದಿ ಕರಾರಿನ ಗಡುವು 2010ರ ಏಪ್ರಿಲಿಗೆ ಮುಗಿಯಿತು. ಜುಲೈ ವೇಳೆಗೆ ಮಾರಾಟ ತೀವ್ರವಾಗಿ ಕುಸಿಯಿತು. ಮುಂದೆ ಕೊಳ್ಳಬೇಕಾಗಿದ್ದ ಅನೇಕರು ಅವಸರದಿಂದ ಮೊದಲೇ ಕೊಂಡಿದ್ದರು. ನಮ್ಮ ದೇಶದಲ್ಲಿಯೂ 2019ರಲ್ಲಿ, 45 ಲಕ್ಷ ರೂಪಾಯಿ ಮೌಲ್ಯದೊಳಗಿನ ಮೊದಲ ಮನೆಯ ಸಾಲಕ್ಕೆ ಒಂದೂವರೆ ಲಕ್ಷದವರೆಗೆ ಹೆಚ್ಚುವರಿ ಬಡ್ಡಿ ಕಡಿತ ಬಂದಿತು. 2022ರ ಮಾರ್ಚ್ 31ರ ನಂತರ ಮಂಜೂರಾದ ಸಾಲಕ್ಕೆ ಅದು ಅನ್ವಯಿಸಲಿಲ್ಲ.

ಹಳ್ಳಿಯ ಬಡ ಕುಟುಂಬಕ್ಕೆ ತೆರಿಗೆ ಕಡಿತಕ್ಕಿಂತ ನೇರ ಸಹಾಯಧನವೇ ಹತ್ತಿರದ ನೆರವು. ರಾಜ್ಯದ ಬಸವ ವಸತಿ ಯೋಜನೆ, 2016ರಲ್ಲಿ ಆರಂಭವಾದ ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆಗಳು ಆ ಬಗೆಯವು. ಅರ್ಹರು ಈ ಬಗ್ಗೆ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸುವುದು ಲೇಸು.

ಬಸವಣ್ಣನವರು ಬೋಧಿಸಿದ ಕಾಯಕ ತತ್ತ್ವವು ದುಡಿಮೆಯ ಫಲವನ್ನು ವಿವೇಕದಿಂದ ಬಳಸಲು ಕಲಿಸುತ್ತದೆ. ವಾಸಕ್ಕೆ ಮನೆ ಬೇಕಾಗಿದ್ದು, ಕಂತು ಕಟ್ಟಿದ ಮೇಲೂ ಮಕ್ಕಳ ವಿದ್ಯೆಗೆ, ಹಿರಿಯರ ಔಷಧಿಗೆ, ದಾಸೋಹಕ್ಕೆ ಹಣ ಮಿಗುವುದಾದರೆ ಕೊಳ್ಳಿರಿ. ತೆರಿಗೆಯ ಉಳಿತಾಯವೊಂದನ್ನೇ ನೆಚ್ಚಿ, ತಲೆಮಾರುಗಳಿಂದ ಅನ್ನವಿತ್ತ ಹೊಲವನ್ನು ಮಾರಬೇಡಿರಿ ಎಂಬುದೇ ನಮ್ಮ ವಿನಂತಿ.