ಕಾಲ, ಅರ್ಥ ಮತ್ತು ಕಥನ: ಇಟಾಲಿಯನ್ ಕ್ರಿಯಾಪದದ ರೂಪವ್ಯವಸ್ಥೆ

ಜನಪದ ಕಥೆಗಳ ಸಂಗ್ರಹಣೆಯ ಇತಿಹಾಸದಲ್ಲಿ ಇಟಲಿಗೆ ವಿಶಿಷ್ಟವಾದ ಸ್ಥಾನವಿದೆ. ಜುಸೆಪ್ಪೆ ಪಿತ್ರೆ ಅವರು 1875ರಲ್ಲಿ ಸಿಸಿಲಿಯ ಕಥೆಗಳನ್ನು ಅಲ್ಲಿನ ಆಡುನುಡಿಯಲ್ಲಿಯೇ ನಾಲ್ಕು ಸಂಪುಟಗಳಾಗಿ ಪ್ರಕಟಿಸಿದರು. ಗೆರಾರ್ದೊ ನೆರುಚ್ಚಿ ಅವರು 1880ರಲ್ಲಿ ತೊಸ್ಕಾನ ಪ್ರಾಂತದ ಮೊಂತಾಲೆಯ ಅರವತ್ತು ಕಥೆಗಳನ್ನು ಹೊರತಂದರು. ಇಂತಹ ಅನೇಕ ಸಂಗ್ರಹಗಳಿಂದ ಇನ್ನೂರು ಕಥೆಗಳನ್ನು ಆಯ್ದ ಇತಾಲೊ ಕಾಲ್ವಿನೊ, ಅವುಗಳನ್ನು ಶಿಷ್ಟ ಇಟಾಲಿಯನ್ನಿನಲ್ಲಿ ನಿರೂಪಿಸಿ 1956ರಲ್ಲಿ ಪ್ರಕಟಿಸಿದರು. ಇಟಾಲಿಯನ್ ಅರಿಯದ ಕನ್ನಡ ಸಂಶೋಧಕನಿಗೆ ಈ ಸಾಮಗ್ರಿ ದೊರೆಯುವುದು ಇಂಗ್ಲಿಷ್ ಅನುವಾದದ ಮೂಲಕ. ಆದರೆ ಕಥನದ ಚಲನೆಯನ್ನು ಹೊತ್ತಿರುವ ಕ್ರಿಯಾರೂಪಗಳ ಭೇದಗಳಲ್ಲಿ ಕೆಲವು ಇಂಗ್ಲಿಷಿನಲ್ಲಿ ಅಳಿಸಿಹೋಗುತ್ತವೆ. ಅವುಗಳಲ್ಲಿ ಕೆಲವನ್ನು ಕನ್ನಡವು ಸಹಜವಾಗಿಯೇ ಉಳಿಸಿಕೊಳ್ಳಬಲ್ಲದು. ಆದುದರಿಂದ ಇಟಾಲಿಯನ್ನಿನ ಒಂದು ನಿಯಮಿತ ಧಾತುವಿನ ರೂಪಗಳನ್ನು ಕ್ರಮವಾಗಿ ಪರಿಚಯಿಸಿ, ಕಥನದಲ್ಲಿ ಅವುಗಳ ಕಾರ್ಯವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಧಾತು ಮತ್ತು ಗಣಗಳು

ಇಟಾಲಿಯನ್ ಕ್ರಿಯಾಪದಗಳನ್ನು ಭಾವರೂಪದ ಅಂತ್ಯಕ್ಕನುಗುಣವಾಗಿ ಮೂರು ಗಣಗಳಾಗಿ ವಿಂಗಡಿಸಲಾಗಿದೆ: ‘ಆರೆ’ (ಕಂತಾರೆ, ಹಾಡುವುದು), ‘ಎರೆ’ (ಕ್ರೇದೆರೆ, ನಂಬುವುದು) ಮತ್ತು ‘ಈರೆ’ (ದೊರ್ಮೀರೆ, ನಿದ್ರಿಸುವುದು). ಇವುಗಳಲ್ಲಿ ಮೊದಲನೆಯ ಗಣವೇ ದೊಡ್ಡದು. ಭಾಷೆಗೆ ಹೊಸದಾಗಿ ಸೇರುವ ಕ್ರಿಯೆಗಳೂ ಸಾಮಾನ್ಯವಾಗಿ ಇದೇ ಗಣಕ್ಕೆ ಸಲ್ಲುತ್ತವೆ. ಇಲ್ಲಿ ‘ಕಂತಾರೆ’ಯನ್ನು ನಿದರ್ಶನವಾಗಿ ಆರಿಸಿಕೊಳ್ಳಲು ಜಾನಪದದ ಕಾರಣವೂ ಇದೆ. ಹದಿನಾಲ್ಕನೆಯ ಶತಮಾನದಿಂದ ಇಟಲಿಯ ಊರಚೌಕಗಳಲ್ಲಿ ಹಾಡಲಾಗುತ್ತಿದ್ದ ಕಥನಕಾವ್ಯಗಳಿಗೆ ‘ಕಂತಾರಿ’ ಎಂದೇ ಹೆಸರು; ಕಥೆಯನ್ನು ಹಾಡುತ್ತ ಊರೂರು ಸುತ್ತುವ ಕಲಾವಿದನು ‘ಕಂತಸ್ತೋರ್ಯೆ’, ಅಂದರೆ ಕಥೆ ಹಾಡುವವನು.

ಕಂತಾರೆಯಿಂದ ‘ಆರೆ’ಯನ್ನು ತೆಗೆದರೆ ‘ಕಂತ್’ ಎಂಬ ಪ್ರಕೃತಿ ಉಳಿಯುತ್ತದೆ. ಇದಕ್ಕೆ ಪುರುಷ, ವಚನ, ಕಾಲ ಮತ್ತು ಅರ್ಥಗಳನ್ನು ಸೂಚಿಸುವ ಪ್ರತ್ಯಯಗಳು ಸೇರುತ್ತವೆ. ಪ್ರತ್ಯಯವೇ ಕರ್ತೃವನ್ನು ಸೂಚಿಸುವುದರಿಂದ, ಕನ್ನಡದಲ್ಲಿರುವಂತೆಯೇ, ಸರ್ವನಾಮವನ್ನು ಬಿಡಬಹುದು. ಇಟಾಲಿಯನ್ನಿನಲ್ಲಿ ಸ್ವರಭಾರವೂ ದ್ವಿತ್ವವೂ ಅರ್ಥಭೇದಕಗಳು. ಭಾರ ಬೀಳುವ ಸ್ವರವನ್ನು ಇಲ್ಲಿ ದೀರ್ಘದಿಂದ ಸೂಚಿಸಲಾಗಿದೆ: ‘ಕಾಂತೊ’ ಎಂದರೆ ‘ಹಾಡುತ್ತೇನೆ’, ‘ಕಂತೋ’ ಎಂದರೆ ‘ಹಾಡಿದನು’ ಅಥವಾ ‘ಹಾಡಿದಳು’. ಕತೆ ಮತ್ತು ಕತ್ತೆಗಳ ವ್ಯತ್ಯಾಸವನ್ನು ಬಲ್ಲ ಕನ್ನಡಿಗನಿಗೆ ದ್ವಿತ್ವದ ಮಹತ್ತ್ವವನ್ನು ಬೇರೆ ಹೇಳಬೇಕಾಗಿಲ್ಲ.

2. ನಿಶ್ಚಯಾರ್ಥದ ಸರಳ ಕಾಲಗಳು

ಕ್ರಿಯೆಯನ್ನು ವಾಸ್ತವವೆಂದು ಹೇಳುವ ರೂಪಗಳು ನಿಶ್ಚಯಾರ್ಥದವು. ಇವುಗಳಲ್ಲಿ ಸಹಾಯಕ ಕ್ರಿಯೆಯಿಲ್ಲದ ಕಾಲಗಳು ನಾಲ್ಕು. ಉತ್ತಮ, ಮಧ್ಯಮ, ಪ್ರಥಮ ಎಂಬ ಪುರುಷಕ್ರಮದಲ್ಲಿ ಮೊದಲು ಏಕವಚನವನ್ನೂ ಅನಂತರ ಬಹುವಚನವನ್ನೂ ಕೊಡಲಾಗಿದೆ.

ವರ್ತಮಾನ: ಕಾಂತೊ, ಕಾಂತಿ, ಕಾಂತ, ಕಂತ್ಯಾಮೊ, ಕಂತಾತೆ, ಕಾಂತನೊ.

ಅಪೂರ್ಣ ಭೂತ (ಇಂಪೆರ್ಫೇತ್ತೊ): ಕಂತಾವೊ, ಕಂತಾವಿ, ಕಂತಾವ, ಕಂತವಾಮೊ, ಕಂತವಾತೆ, ಕಂತಾವನೊ.

ದೂರ ಭೂತ (ಪಸ್ಸಾತೊ ರೆಮೋತೊ): ಕಂತಾಯಿ, ಕಂತಾಸ್ತಿ, ಕಂತೋ, ಕಂತಾಮ್ಮೊ, ಕಂತಾಸ್ತೆ, ಕಂತಾರೊನೊ.

ಭವಿಷ್ಯತ್: ಕಂತೆರೋ, ಕಂತೆರಾಯಿ, ಕಂತೆರಾ, ಕಂತೆರೇಮೊ, ಕಂತೆರೇತೆ, ಕಂತೆರಾನ್ನೊ.

ಭವಿಷ್ಯತ್ತಿನ ಹುಟ್ಟು ಕುತೂಹಲಕಾರಿಯಾದುದು. ಜನಬಳಕೆಯ ಲ್ಯಾಟಿನ್ನಿನಲ್ಲಿ ‘ಹಾಡುವುದು’ ಎಂಬ ಭಾವರೂಪಕ್ಕೆ ‘ಹೊಂದಿದ್ದೇನೆ’ ಎಂಬ ಕ್ರಿಯೆ ಸೇರಿ, ಅವೆರಡೂ ಕಾಲಕ್ರಮದಲ್ಲಿ ಬೆಸೆದುಕೊಂಡು ‘ಕಂತೆರೋ’ ಎಂಬ ಒಂದೇ ಪದವಾಯಿತು. ಈ ರೂಪವು ಮುಂದಾಗುವುದನ್ನಷ್ಟೇ ಅಲ್ಲದೆ ಊಹೆಯನ್ನೂ ಹೇಳುತ್ತದೆ. ‘ಈ ಹೊತ್ತಿಗೆ ಅವನು ಹಾಡುತ್ತಿರಬಹುದು’ ಎನ್ನುವಲ್ಲಿಯೂ ‘ಕಂತೆರಾ’ ಎಂಬ ಪ್ರಯೋಗ ಸಾಧು. ಕನ್ನಡ ವ್ಯಾಕರಣದ ಸಂಭಾವನಾರ್ಥಕ್ಕೆ (ಹಾಡಿಯಾನು) ಇದು ಸಮೀಪವಾದುದು.

3. ಸಂಯುಕ್ತ ಕಾಲಗಳು

‘ಕಂತಾತೊ’ (ಹಾಡಿದ) ಎಂಬ ಭೂತ ಕೃದಂತಕ್ಕೆ ‘ಅವೇರೆ’ (ಹೊಂದಿರು) ಎಂಬ ಸಹಾಯಕ ಕ್ರಿಯೆಯ ನಾಲ್ಕು ಸರಳ ಕಾಲಗಳನ್ನು ಸೇರಿಸಿದರೆ ಇನ್ನು ನಾಲ್ಕು ಕಾಲಗಳು ಸಿದ್ಧಿಸುತ್ತವೆ: ‘ಓ ಕಂತಾತೊ’ (ಹಾಡಿದ್ದೇನೆ, ಇದೇ ಸಮೀಪ ಭೂತ, ಪಸ್ಸಾತೊ ಪ್ರೋಸ್ಸಿಮೊ), ‘ಅವೇವೊ ಕಂತಾತೊ’ (ಹಾಡಿದ್ದೆನು), ‘ಏಬ್ಬಿ ಕಂತಾತೊ’ (ಮತ್ತೊಂದು ಘಟನೆಗೆ ಮೊದಲು ಹಾಡಿ ಮುಗಿಸಿದೆನು, ಇದು ಇಂದು ಬರಹಕ್ಕಷ್ಟೇ ಸೀಮಿತವೆನ್ನುವಷ್ಟು ವಿರಳ), ‘ಅವ್ರೋ ಕಂತಾತೊ’ (ಹಾಡಿರುತ್ತೇನೆ). ಕನ್ನಡದ ‘ಹಾಡಿದ್ದೇನೆ’ ಎಂಬ ರೂಪವೂ ‘ಹಾಡಿ’ ಮತ್ತು ‘ಇದ್ದೇನೆ’ ಎಂಬ ಎರಡು ಕ್ರಿಯೆಗಳ ಕೂಟವೇ. ಇಟಾಲಿಯನ್ ಇಲ್ಲಿ ‘ಹೊಂದು’ ಎಂಬ ಕ್ರಿಯೆಯನ್ನು ಬಳಸಿದರೆ ಕನ್ನಡ ‘ಇರು’ ಧಾತುವನ್ನು ಬಳಸುತ್ತದೆ. ಬರುವುದು, ಹೋಗುವುದು ಮೊದಲಾದ ಅಕರ್ಮಕ ಕ್ರಿಯೆಗಳಿಗೆ ಇಟಾಲಿಯನ್ ಕೂಡ ‘ಏಸ್ಸೆರೆ’ (ಇರು) ಎಂಬುದನ್ನೇ ಬಳಸುತ್ತದೆ. ಆಗ ಕೃದಂತವು ಕರ್ತೃವಿನ ಲಿಂಗವಚನಗಳನ್ನು ಅನುಸರಿಸುತ್ತದೆ: ‘ಏ ಅರ್ರಿವಾತೊ’ (ಬಂದಿದ್ದಾನೆ), ‘ಏ ಅರ್ರಿವಾತ’ (ಬಂದಿದ್ದಾಳೆ).

4. ಸಂಶಯಾರ್ಥ, ಸಾಪೇಕ್ಷಾರ್ಥ, ವಿಧ್ಯರ್ಥ

ಕ್ರಿಯೆಯು ವಾಸ್ತವವೆಂದು ಪ್ರತಿಪಾದಿಸದೆ ನಂಬಿಕೆ, ಸಂದೇಹ, ಬಯಕೆ, ಭಯಗಳ ವಿಷಯವಾಗಿ ಹೇಳುವಾಗ ಸಂಶಯಾರ್ಥವು (ಕೊಂಜುಂತೀವೊ) ಬರುತ್ತದೆ. ಇದರ ವರ್ತಮಾನದ ರೂಪಗಳು: ಕಾಂತಿ, ಕಾಂತಿ, ಕಾಂತಿ, ಕಂತ್ಯಾಮೊ, ಕಂತ್ಯಾತೆ, ಕಾಂತಿನೊ. ಅಪೂರ್ಣದವು: ಕಂತಾಸ್ಸಿ, ಕಂತಾಸ್ಸಿ, ಕಂತಾಸ್ಸೆ, ಕಂತಾಸ್ಸಿಮೊ, ಕಂತಾಸ್ತೆ, ಕಂತಾಸ್ಸೆರೊ. ‘ಸೋ ಕೆ ಕಾಂತ’ ಎಂದರೆ ‘ಅವನು ಹಾಡುತ್ತಾನೆಂದು ಬಲ್ಲೆ’. ‘ಕ್ರೇದೊ ಕೆ ಕಾಂತಿ’ ಎಂದರೆ ‘ಅವನು ಹಾಡುತ್ತಾನೆಂದು ನಂಬುತ್ತೇನೆ’. ಕನ್ನಡದ ಎರಡೂ ವಾಕ್ಯಗಳಲ್ಲಿ ‘ಹಾಡುತ್ತಾನೆ’ ಎಂಬುದು ಬದಲಾಗದು. ಇಟಾಲಿಯನ್ನಿನಲ್ಲಿ ಅರಿವಿಗೂ ನಂಬಿಕೆಗೂ ನಡುವಣ ಅಂತರವು ಕ್ರಿಯಾಪದದ ಕೊನೆಯ ಸ್ವರದಲ್ಲಿಯೇ ತೋರುತ್ತದೆ.

ಒಂದು ನಿಬಂಧನೆಗೆ ಒಳಪಟ್ಟ ಕ್ರಿಯೆಯನ್ನು ಹೇಳುವುದು ಸಾಪೇಕ್ಷಾರ್ಥ: ಕಂತೆರೇಯಿ, ಕಂತೆರೇಸ್ತಿ, ಕಂತೆರೇಬ್ಬೆ, ಕಂತೆರೇಮ್ಮೊ, ಕಂತೆರೇಸ್ತೆ, ಕಂತೆರೇಬ್ಬೆರೊ. ‘ಕಂತೆರೇಮೊ’ (ಹಾಡುವೆವು) ಮತ್ತು ‘ಕಂತೆರೇಮ್ಮೊ’ (ಅನುಕೂಲವಾದರೆ ಹಾಡಿಯೇವು) ಎಂಬ ರೂಪಗಳನ್ನು ಬೇರ್ಪಡಿಸುವುದು ಒಂದು ಮಕಾರ ಮಾತ್ರ. ‘ಸೆ ಕಂತಾಸ್ಸೆ, ಅಸ್ಕೊಲ್ತೆರೇಯಿ’ (ಅವಳು ಹಾಡುವಂತಿದ್ದರೆ ನಾನು ಕೇಳುತ್ತಿದ್ದೆ) ಎಂಬಂತಹ ವಾಕ್ಯದಲ್ಲಿ ಸಂಶಯಾರ್ಥ ಮತ್ತು ಸಾಪೇಕ್ಷಾರ್ಥಗಳು ಜೊತೆಯಾಗಿ ಬರುತ್ತವೆ. ಸಂಶಯಾರ್ಥಕ್ಕೆ ‘ಆಬ್ಬ್ಯ ಕಂತಾತೊ’, ‘ಅವೇಸ್ಸಿ ಕಂತಾತೊ’ ಎಂಬ ಎರಡು ಸಂಯುಕ್ತ ಕಾಲಗಳೂ ಸಾಪೇಕ್ಷಾರ್ಥಕ್ಕೆ ‘ಅವ್ರೇಯಿ ಕಂತಾತೊ’ ಎಂಬ ಒಂದು ಸಂಯುಕ್ತ ಕಾಲವೂ ಇವೆ.

ವಿಧ್ಯರ್ಥದಲ್ಲಿ ಮಧ್ಯಮ ಪುರುಷದ ಏಕವಚನವು ‘ಕಾಂತ’ (ಹಾಡು). ಅದರ ನಿಷೇಧಕ್ಕೆ ಭಾವರೂಪವನ್ನೇ ಬಳಸಿ ‘ನೋನ್ ಕಂತಾರೆ’ (ಹಾಡಬೇಡ) ಎನ್ನಲಾಗುತ್ತದೆ. ಗೌರವದ ಸಂಬೋಧನೆಯಲ್ಲಿ ‘ಕಾಂತಿ’ ಎಂಬ ಸಂಶಯಾರ್ಥದ ರೂಪವು ವಿಧಿಯಾಗಿ ನಿಲ್ಲುತ್ತದೆ. ಪುರುಷಭೇದವಿಲ್ಲದ ಭಾವರೂಪ, ಕೃದಂತ ಮತ್ತು ‘ಕಂತಾಂದೊ’ (ಹಾಡುತ್ತ) ಎಂಬ ಅವ್ಯಯರೂಪಗಳಿಗೆ ತಲಾ ಎರಡು ಕಾಲಗಳನ್ನು ಲೆಕ್ಕ ಹಿಡಿದರೆ, ಸಂಪ್ರದಾಯ ವ್ಯಾಕರಣದ ಪ್ರಕಾರ ಒಟ್ಟು ಏಳು ಅರ್ಥಗಳೂ 21 ಕಾಲಗಳೂ ಆಗುತ್ತವೆ.

5. ಕಥನದಲ್ಲಿ ಕಾಲಗಳ ಕಾರ್ಯ

ಇಟಾಲಿಯನ್ ಕಥೆಯ ರೂಢಿಯ ಆರಂಭ ‘ಚೇರ ಊನ ವೋಲ್ತ’ (ಒಂದಾನೊಂದು ಕಾಲದಲ್ಲಿ ಇದ್ದನು) ಎಂಬುದು. ಇಲ್ಲಿನ ‘ಏರ’ ಅಪೂರ್ಣ ಭೂತ. ಸ್ಥಿತಿ, ಹಿನ್ನೆಲೆ, ರೂಢಿಗಳನ್ನು ಅಪೂರ್ಣ ಭೂತವು ಹಾಸಿಕೊಡುತ್ತದೆ. ಆ ಹಾಸನ್ನು ಮುರಿದು ಕಥೆಯನ್ನು ಮುನ್ನಡೆಸುವ ಘಟನೆ ದೂರ ಭೂತದಲ್ಲಿ ಬರುತ್ತದೆ. ‘ಪ್ರತಿ ಸಂಜೆ ಹುಡುಗಿ ಕಂತಾವ, ಒಂದು ಸಂಜೆ ರಾಜನೆದುರಿಗೆ ಕಂತೋ’ ಎಂಬ ನಿರೂಪಣೆಯನ್ನು ಊಹಿಸಿಕೊಳ್ಳಬಹುದು. ಇಂಗ್ಲಿಷ್ ಅನುವಾದದಲ್ಲಿ ಈ ಎರಡೂ ಕ್ರಿಯೆಗಳು ಒಂದೇ ಭೂತರೂಪವನ್ನು ತಾಳಬಹುದು. ಕನ್ನಡದಲ್ಲಿಯಾದರೋ ‘ಹಾಡುತ್ತಿದ್ದಳು’, ‘ಹಾಡಿದಳು’ ಎಂಬ ಭೇದ ಅನಾಯಾಸವಾಗಿ ಸಿದ್ಧಿಸುತ್ತದೆ. ಇಂಗ್ಲಿಷನ್ನು ನಡುವೆ ಇಟ್ಟುಕೊಂಡ ಅನುವಾದಕನು ತನ್ನ ಭಾಷೆಯಲ್ಲಿಯೇ ಇರುವ ಸೌಕರ್ಯವನ್ನು ಕಳೆದುಕೊಳ್ಳುವ ಸಾಧ್ಯತೆ ಇಲ್ಲಿದೆ.

‘ದೂರ’ ಎಂಬ ಹೆಸರನ್ನು ಅಕ್ಷರಶಃ ಗ್ರಹಿಸಬಾರದು. ಉತ್ತರ ಇಟಲಿಯ ಆಡುಮಾತಿನಲ್ಲಿ ಸಮೀಪ ಭೂತವು ದೂರ ಭೂತದ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿದೆ. ಸಿಸಿಲಿಯಲ್ಲಾದರೋ ಇತ್ತೀಚಿನ ಘಟನೆಗೂ ದೂರ ಭೂತದ ರೂಪವನ್ನೇ ಬಳಸುವುದುಂಟು. ಪಿತ್ರೆ ಅವರಿಗೆ ಕಥೆಗಳನ್ನು ಹೇಳಿದ ಪಲೆರ್ಮೊದ ಅನಕ್ಷರಸ್ಥ ಕಥೆಗಾರ್ತಿ ಅಗತೂತ್ಸ ಮೆಸ್ಸಿಯಾ ಅವರ ಸಿಸಿಲಿಯನ್ ನುಡಿಗೂ ಕಾಲ್ವಿನೊ ಅವರ ಶಿಷ್ಟ ಇಟಾಲಿಯನ್ನಿಗೂ ನಡುವೆ ಈ ಅಂತರವಿದೆ. ಹೀಗಾಗಿ ಒಂದೇ ಕಾಲರೂಪವು ಒಂದೆಡೆ ದಿನಬಳಕೆಯ ಮಾತಾಗಿಯೂ ಮತ್ತೊಂದೆಡೆ ಗ್ರಾಂಥಿಕ ನಿರೂಪಣೆಯಾಗಿಯೂ ಕೇಳಿಸುತ್ತದೆ.

ಇದಕ್ಕೆ ವಿರುದ್ಧವಾದ ತೊಡಕೂ ಇದೆ. ‘ಅರ್ರಿವೋ’ ಎಂಬ ದೂರ ಭೂತವು ಬಂದವರು ಗಂಡೋ ಹೆಣ್ಣೋ ಎಂಬುದನ್ನು ತಿಳಿಸುವುದಿಲ್ಲ. ಕನ್ನಡ ಕ್ರಿಯಾಪದವು ‘ಬಂದನು’ ಅಥವಾ ‘ಬಂದಳು’ ಎಂದು ಹೇಳಲೇಬೇಕು. ನೆರುಚ್ಚಿ ಅವರ ಸಂಗ್ರಹದಿಂದ ಕಾಲ್ವಿನೊ ಆಯ್ದುಕೊಂಡ ಫಾಂತ-ಗಿರೋ ಎಂಬ ರಾಜಕುಮಾರಿಯ ಕಥೆಯಲ್ಲಿ ನಾಯಕಿಯು ಗಂಡುವೇಷದಲ್ಲಿ ಯುದ್ಧಕ್ಕೆ ಹೊರಡುತ್ತಾಳೆ. ಎದುರಾಳಿ ರಾಜನು ಆಕೆ ಹೆಣ್ಣಿರಬಹುದೆಂದು ಶಂಕಿಸಿ ಪರೀಕ್ಷೆಗಳನ್ನು ಒಡ್ಡುತ್ತಾನೆ. ಇಂತಹ ಕಥೆಯಲ್ಲಿ ಇಟಾಲಿಯನ್ ಕ್ರಿಯಾಪದವು ಮರೆಮಾಡಬಲ್ಲ ಗುಟ್ಟನ್ನು ಕನ್ನಡದ ಆಖ್ಯಾತ ಪ್ರತ್ಯಯವು ಪ್ರತಿ ವಾಕ್ಯದಲ್ಲಿಯೂ ಬಿಟ್ಟುಕೊಡುತ್ತದೆ. ಇಲ್ಲಿ ‘ಬಂದರು’ ಎಂಬ ಗೌರವ ಬಹುವಚನವೋ ‘ಬರಲಿಲ್ಲ’ ಎಂಬಂತಹ ಲಿಂಗರಹಿತ ನಿಷೇಧರೂಪವೋ ಅನುವಾದಕನ ನೆರವಿಗೆ ಬರಬಹುದು.

ಕೊನೆಯದಾಗಿ ‘ಅಂತೆ’ಯ ವಿಚಾರ. ‘ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ’ ಎಂದು ಆರಂಭಿಸುವ ಕನ್ನಡದ ಕಥೆಗಾರ್ತಿ ಕಥೆಯ ಹೊಣೆಯನ್ನು ಪರಂಪರೆಗೆ ಒಪ್ಪಿಸುತ್ತಾಳೆ. ಇಟಾಲಿಯನ್ನಿನಲ್ಲಿಯೂ ಕೇಳಿದ ಮಾತನ್ನು ಸೂಚಿಸುವ ಸಾಧನವಿದೆ: ವೃತ್ತಪತ್ರಿಕೆಗಳು ಖಚಿತವಾಗದ ಸುದ್ದಿಯನ್ನು ಸಾಪೇಕ್ಷಾರ್ಥದಲ್ಲಿ ಬರೆಯುತ್ತವೆ, ಅಲ್ಲಿ ‘ಅವ್ರೇಬ್ಬೆ ಕಂತಾತೊ’ ಎಂದರೆ ‘ಹಾಡಿದನಂತೆ’. ಆದರೆ ಕಥೆಯ ರೂಢಿಯ ನಿರೂಪಣೆ ಈ ರೂಪವನ್ನು ಅವಲಂಬಿಸುವುದಿಲ್ಲ. ಅದು ನಿಶ್ಚಯಾರ್ಥದಲ್ಲಿಯೇ ನಡೆಯುತ್ತದೆ. ಎಂದೂ ನಡೆಯದುದನ್ನು ನಡೆದೇಹೋದುದೆಂದು ಹೇಳುವ ಧೈರ್ಯ ಅದರದು. ಆದುದರಿಂದ ಇಟಾಲಿಯನ್ ಕಥೆಯನ್ನು ಕನ್ನಡಕ್ಕೆ ತರುವವನು ‘ಅಂತೆ’ಯನ್ನು ಸೇರಿಸಿದರೆ ಅದನ್ನು ನಮ್ಮ ಕಥನ ಪರಂಪರೆಯೊಳಗೆ ಬರಮಾಡಿಕೊಂಡಂತಾಗುತ್ತದೆ, ಬಿಟ್ಟರೆ ಅದರ ಮೂಲಧ್ವನಿಯನ್ನು ಕಾಪಾಡಿದಂತಾಗುತ್ತದೆ. ಎರಡೂ ಸಾಧುವಾದ ಮಾರ್ಗಗಳೇ. ಆದರೆ ಆ ಆಯ್ಕೆ ಅರಿತು ಮಾಡಿದ್ದಾಗಬೇಕಾದರೆ ಮೂಲದ ಕ್ರಿಯಾರೂಪವು ಅನುವಾದಕನ ಕಣ್ಣೆದುರಿಗೆ ಇರಬೇಕಾದುದು ಅವಶ್ಯ.